ಕಾಣ್ತಾ? ಹೂಂ, ಕಾಣ್ತು!

ನಮ್ಮ ಹೆಂಗಸರು ದಿನಕ್ಕೊಂದು ಸಲವಾದರೂ ಹೇಳುವ ಸುಳ್ಳು ಯಾವುದೆಂದು ಕೇಳಿದರೆ, ‘ನನಗೆ ಹಸಿವಿಲ್ಲ, ನೀವೆಲ್ಲ ಊಟ ಮಾಡಿ’ ಎಂಬುದನ್ನು ಯಾರಾದರೂ ಥಟ್ಟನೆ ಹೇಳಿಯಾರು. ಅದರ ನಂತರದ ಸ್ಥಾನ ಯಾವುದಕ್ಕೆ? ನನ್ನ ಮತ ‘ಹೂಂ, ಕಾಣ್ತು’ ಎಂಬುದಕ್ಕೆ.

ಯಾವುದಾದರೂ ಪ್ರೇಕ್ಷಣೀಯ ಸ್ಥಳದಲ್ಲಿ ಅರ್ಧ ಗಂಟೆ ನಿಂತು ನೋಡಿ. ಜೋಗವಾಗಲಿ, ಆಗುಂಬೆಯಾಗಲಿ, ಮುಳ್ಳಯ್ಯನಗಿರಿಯಾಗಲಿ. ಬೈನಾಕ್ಯುಲರ್ ಇರುವ ಕುಟುಂಬದಲ್ಲಿ ಅದು ಯಜಮಾನರ ಕೊರಳಲ್ಲಿರುತ್ತದೆ. ಬುತ್ತಿಯ ಚೀಲ, ನೀರಿನ ಬಾಟಲಿ, ಮಗುವಿನ ಸ್ವೆಟರು ಹೆಂಡತಿಯ ಕೈಯಲ್ಲಿರುತ್ತವೆ. ಯಜಮಾನರು ಮೊದಲು ನೋಡುತ್ತಾರೆ, ಚಕ್ರ ತಿರುಗಿಸಿ ಮತ್ತೆ ನೋಡುತ್ತಾರೆ. ಆಮೇಲೆ ಮಗ, ಆಮೇಲೆ ಮಗಳು, ಆಮೇಲೆ ಜೊತೆಗೆ ಬಂದ ಮೈದುನ. ಹೊರಡುವ ಹೊತ್ತಿಗೆ ನೆನಪಾಗಿ, ‘ನೀನೂ ಒಂದ್ಸಲ ನೋಡೇ’ ಎನ್ನುತ್ತಾರೆ. ಆಕೆ ಚೀಲವನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಕನ್ನಡಕವನ್ನು ಹಣೆಗೇರಿಸಿ ನೋಡುತ್ತಾಳೆ. ಹಾಲಿಗೆ ನೀರು ಬೆರೆಸಿದಂಥ ಒಂದು ಮಸುಕು, ಅದರ ನಡುವೆ ಎರಡು ಕರಿ ವರ್ತುಲ. ‘ಕಾಣ್ತಾ?’ ‘ಹೂಂ, ಕಾಣ್ತು.’ ಹತ್ತು ಸೆಕೆಂಡಿನಲ್ಲಿ ಆಕೆಯ ಸರದಿ ಮುಗಿಯಿತು.

ಆಕೆಗೆ ಕಾಣದಿದ್ದುದಕ್ಕೆ ಆಕೆಯ ಕಣ್ಣು ಕಾರಣವಲ್ಲ. ಬೈನಾಕ್ಯುಲರ್ ಎನ್ನುವುದು ಒಬ್ಬೊಬ್ಬರ ಕಣ್ಣಿಗೂ ಬೇರೆಬೇರೆಯಾಗಿ ಹೊಂದಿಸಿಕೊಳ್ಳಬೇಕಾದ ವಸ್ತು. ಎರಡು ಕೊಳವೆಗಳನ್ನು ಮಡಚಿ ಬಿಚ್ಚಿ ಕಣ್ಣುಗಳ ನಡುವಿನ ಅಂತರಕ್ಕೆ ಸರಿಮಾಡಿಕೊಳ್ಳಬೇಕು. ಬಲಗಣ್ಣು ಮುಚ್ಚಿಕೊಂಡು ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಬೇಕು. ಆಮೇಲೆ ಎಡಗಣ್ಣು ಮುಚ್ಚಿ, ನಡುವಿನ ಚಕ್ರ ಮುಟ್ಟದೆ, ಬಲಗಡೆಯ ಕಣ್ಣುಬಟ್ಟಲಿನ ಬುಡದ ಉಂಗುರವನ್ನು ತಿರುಗಿಸಿ ಬಲಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಬೇಕು. ಇದಕ್ಕೆ ಒಂದು ನಿಮಿಷ ಬೇಕು. ಅವರ ಕಣ್ಣಿಗೆ ಹೊಂದಿಸಿದ್ದನ್ನು ಹಾಗೇ ನಮ್ಮ ಕೈಗೆ ಕೊಟ್ಟರೆ, ಅವರ ಚಪ್ಪಲಿಯನ್ನು ನಮಗೆ ತೊಡಿಸಿ ‘ಓಡು’ ಎಂದ ಹಾಗೆ. ಆ ಒಂದು ನಿಮಿಷವನ್ನು ಕೇಳಲು ಸಂಕೋಚಪಟ್ಟು ನಾವು ಸುಳ್ಳು ಹೇಳುತ್ತೇವೆ.

ಈ ಸುಳ್ಳಿನ ಅಭ್ಯಾಸ ಮದುವೆಯ ದಿನವೇ ಶುರುವಾಗುತ್ತದಲ್ಲವೇ? ಹಗಲು ಹನ್ನೊಂದು ಗಂಟೆಗೆ, ಕಲ್ಯಾಣ ಮಂಟಪದ ಬಾಗಿಲಿಗೆ ಕರೆತಂದು, ಕೆಲವು ಕಡೆ ಫ್ಯಾನು ತಿರುಗುತ್ತಿರುವ ಛಾವಣಿಯನ್ನೇ ತೋರಿಸಿ, ‘ಅರುಂಧತಿ ಕಾಣಿಸಿದಳೇ?’ ಎಂದು ಕೇಳುತ್ತಾರೆ. ಮದುಮಗಳು ತಲೆಯಾಡಿಸುತ್ತಾಳೆ. ಆಮೇಲೆ ಮೂವತ್ತು ನಲವತ್ತು ವರ್ಷ ಸಂಸಾರ ಮಾಡಿದರೂ ಆ ನಕ್ಷತ್ರವನ್ನು ನಿಜವಾಗಿ ನೋಡಿದವರು ನಮ್ಮಲ್ಲಿ ಎಷ್ಟು ಮಂದಿ? ಬೇಸಿಗೆಯ ರಾತ್ರಿ ಉತ್ತರಕ್ಕೆ ಮುಖಮಾಡಿದರೆ ಸಪ್ತರ್ಷಿ ಮಂಡಲ ಸಿಗುತ್ತದೆ. ಅದರ ಬಾಲದ ನಡುವಿನ ನಕ್ಷತ್ರ ವಸಿಷ್ಠ, ಅವನಿಗೆ ತಾಗಿದಂತೆ ಮಂದವಾಗಿ ಇರುವವಳು ಅರುಂಧತಿ. ಕಣ್ಣು ಚುರುಕಾಗಿದ್ದರೆ ಬರಿಗಣ್ಣಿಗೂ ಕಾಣುತ್ತಾಳೆ; ಐವತ್ತು ದಾಟಿದವರಿಗೆ ಕಷ್ಟ. ಸಾಧಾರಣ ಬೈನಾಕ್ಯುಲರಿನಲ್ಲಿ ಇಬ್ಬರೂ ಬೇರೆಬೇರೆಯಾಗಿ ಥಳಥಳಿಸುತ್ತಾರೆ, ಪಕ್ಕದಲ್ಲಿ ಮೂರನೆಯ ಒಂದು ಸಣ್ಣ ಚುಕ್ಕಿಯೂ ಇಣುಕುತ್ತದೆ. ಸುಮಾರು 80 ಜ್ಯೋತಿರ್ವರ್ಷಗಳಾಚೆಯಿಂದ ಹೊರಟ ಬೆಳಕು ಅದು. ನೋಡದೆ ‘ನೋಡಿದೆ’ ಎಂದು ಒಪ್ಪಿಕೊಂಡ ನಕ್ಷತ್ರವನ್ನು ಒಮ್ಮೆಯಾದರೂ ನೋಡುವ ಹಕ್ಕು ನಮಗಿಲ್ಲವೇ?

ಆದ್ದರಿಂದ ನನ್ನ ವಾದ ಇಷ್ಟು: ಮಿಕ್ಸಿ, ಹೊಲಿಗೆ ಯಂತ್ರಗಳ ಹಾಗೆ ಬೈನಾಕ್ಯುಲರೂ ಹೆಂಗಸಿನ ಸ್ವಂತ ಸಾಮಾನಾಗಿ ಮನೆಯಲ್ಲಿರಬೇಕು. ಇನ್ನೊಂದು ಮಾತು: ಅದನ್ನು ಕೊಳ್ಳಲು ಹೋದಾಗ ‘ಹೈ ಪವರ್’ ಎಂಬ ಮಾಯಾಜಿಂಕೆಯ ಹಿಂದೆ ಓಡಕೂಡದು.

ಎರಡನೆಯದನ್ನು ಮೊದಲು ಹೇಳುತ್ತೇನೆ, ಏಕೆಂದರೆ ಜಗಳ ಇರುವುದು ಅಲ್ಲಿ. ಹತ್ತಿರದ ದೊಡ್ಡ ಊರಿನ ಒಂದು ಅಂಗಡಿಗೆ ಬೈನಾಕ್ಯುಲರ್ ಕೊಳ್ಳಲು ಹೋಗಿದ್ದೆ, ಜೊತೆಗೆ ಅಕ್ಕನ ಮಗನಿದ್ದ. ಕೇಳಿದ್ದು ನಾನು, ದುಡ್ಡು ನನ್ನ ಪರ್ಸಿನಲ್ಲಿತ್ತು. ಅಂಗಡಿಯವರು ಉತ್ತರಿಸಿದ್ದೆಲ್ಲ ಆ ಹುಡುಗನಿಗೆ. ‘ಸಾರ್, ಮೇಡಂಗೆ ಹಗುರದ್ದೇ ಕೊಡೋಣ. ಇದು ಐವತ್ತು ಪವರ್ ಸಾರ್. ಚಂದ್ರನ ಮೇಲಿನ ಕಲ್ಲು ಎಣಿಸಬಹುದು’ ಎಂದು ಅಂಗೈಯಷ್ಟು ದೊಡ್ಡದೊಂದನ್ನು ಮೇಜಿನ ಮೇಲಿಟ್ಟರು. ಅದರ ಗಾಜು ಮದರಂಗಿ ಹಚ್ಚಿದಂತೆ ಕೆಂಪಗೆ ಹೊಳೆಯುತ್ತಿತ್ತು. ‘ಅದು ನೈಟ್ ವಿಷನ್ ಮೇಡಂ’ ಎಂಬ ಒಂದು ಮಾತು ಮಾತ್ರ ನನ್ನ ಪಾಲಿಗೆ ಬಂತು. ನಾನು ಎದುರಿನ ಔಷಧದ ಅಂಗಡಿಯ ಬೋರ್ಡು ನೋಡಿದೆ. ಅಕ್ಷರಗಳು ಜ್ವರ ಬಂದವರಂತೆ ನಡುಗುತ್ತಿದ್ದವು. ‘ಬೇಡ’ ಎಂದು ಎದ್ದು ಬಂದೆ.

ಬೆಂಡೆಕಾಯಿಯ ತುದಿ ಮುರಿದು ನೋಡಿ, ತೆಂಗಿನಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ ನೋಡಿ ಕೊಳ್ಳುವ ಜಾತಿ ನಮ್ಮದು. ಅದೇ ಬುದ್ಧಿ ಇಲ್ಲಿಯೂ ಸಾಕು. ಬೈನಾಕ್ಯುಲರಿನ ಮೇಲೆ 7×50, 8×42, 10×50 ಎಂದು ಎರಡು ಸಂಖ್ಯೆಗಳಿರುತ್ತವೆ. ಮೊದಲನೆಯದು ಎಷ್ಟು ಪಟ್ಟು ಹತ್ತಿರ ತೋರಿಸುತ್ತದೆ ಎಂಬುದು. ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಅಂಗಡಿಯವರು ಕೂಗಿ ಹೇಳುವುದು ಮೊದಲನೆಯದನ್ನು. ನಾವು ನೋಡಬೇಕಾದದ್ದು ಎರಡನೆಯದನ್ನು, ಅದಕ್ಕಿಂತ ಹೆಚ್ಚಾಗಿ ಎರಡರ ಸಂಬಂಧವನ್ನು.

ಎರಡನೆಯ ಸಂಖ್ಯೆಯನ್ನು ಮೊದಲನೆಯದರಿಂದ ಭಾಗಿಸಿ. 10×50ಕ್ಕೆ 5 ಬರುತ್ತದೆ. ಅಂದರೆ ಅದರ ಹಿಂದಿನ ಗಾಜಿನಿಂದ 5 ಮಿಲಿಮೀಟರ್ ಅಗಲದ ಬೆಳಕಿನ ಕಂತೆ ನಮ್ಮ ಕಣ್ಣಿಗೆ ಬರುತ್ತದೆ. ಕತ್ತಲಲ್ಲಿ ಎಳೆಯರ ಕಣ್ಣಿನ ಪಾಪೆ ಸುಮಾರು 7 ಮಿಲಿಮೀಟರ್ ಅಗಲ ತೆರೆದುಕೊಳ್ಳುತ್ತದೆ, ಐವತ್ತು ದಾಟಿದವರದು ಹೆಚ್ಚೆಂದರೆ 5ರ ಆಸುಪಾಸು. ನಮ್ಮ ವಯಸ್ಸಿನ ಕಣ್ಣಿಗೆ 10×50 ಅಳತೆ ಕೊಟ್ಟು ಹೊಲಿಸಿದ ರವಿಕೆಯ ಹಾಗೆ. ಈಗ ಆ ಅಂಗಡಿಯವರ ಐವತ್ತು ಪವರಿನ ಲೆಕ್ಕ ಹಾಕಿ. ಅವರು ಹೇಳಿದ್ದು ನಿಜವೇ ಆಗಿದ್ದು, ಗಾಜೂ 50 ಮಿಲಿಮೀಟರಿನದೇ ಆಗಿದ್ದರೂ ಬೆಳಕಿನ ಕಂತೆ 1 ಮಿಲಿಮೀಟರ್. ಚಿತ್ರ 10×50ಕ್ಕಿಂತ ಇಪ್ಪತ್ತೈದು ಪಟ್ಟು ಮಂಕು. ಒಂದು ಸೇರು ಹಿಟ್ಟಿನಲ್ಲಿ ಹತ್ತು ದೋಸೆಯ ಬದಲು ಐವತ್ತು ದೋಸೆ ಹೊಯ್ಯುತ್ತೇನೆ ಎಂದರೆ ಏನಾದೀತು? ಹಿಟ್ಟು ಅಷ್ಟೇ, ದೋಸೆಗಳೆಲ್ಲ ಹರಿದ ಬಲೆ.

ಇನ್ನೊಂದು ಕಷ್ಟ ಕೈಯದು. ಹತ್ತು ಪಟ್ಟು ದೊಡ್ಡದು ಮಾಡುವ ಗಾಜು ನಮ್ಮ ಕೈಯ ನಡುಕವನ್ನೂ ಹತ್ತು ಪಟ್ಟು ಮಾಡುತ್ತದೆ. ಹತ್ತರವರೆಗೆ ಹೇಗೋ ಹಿಡಿದು ನೋಡಬಹುದು. ಅದರಾಚೆ ಮೂರು ಕಾಲಿನ ಸ್ಟ್ಯಾಂಡು ಬೇಕೇಬೇಕು. 20×80 ಎಂಬ ದೊಡ್ಡ ಬೈನಾಕ್ಯುಲರ್ ಎರಡು ಕಿಲೋ ದಾಟುತ್ತದೆ. ಅದನ್ನು ಎತ್ತಿ ಹಿಡಿದು ನಕ್ಷತ್ರ ನೋಡುವುದು, ತುಂಬಿದ ಬಿಂದಿಗೆಯನ್ನು ಮುಖದ ಮುಂದೆ ಹಿಡಿದುಕೊಂಡು ನಿಂತ ಹಾಗೆ.

ಮೂರನೆಯದು ನೋಟದ ಅಗಲ. ಸಾಧಾರಣ 10×50 ಆಕಾಶದ ಸುಮಾರು ಆರೂವರೆ ಡಿಗ್ರಿಯನ್ನು ಒಂದೇ ನೋಟದಲ್ಲಿ ತೋರಿಸುತ್ತದೆ, ಅಂದರೆ ಹದಿಮೂರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು. ಪವರ್ ಏರಿದ ಹಾಗೆ ಈ ಅಗಲ ಕಿರಿದಾಗುತ್ತ ಹೋಗುತ್ತದೆ. ಕೊನೆಗೆ ಬೀಗದ ಕೈ ತೂತಿನಲ್ಲಿ ಕಣ್ಣಿಟ್ಟು ಊರು ನೋಡಿದಂತೆ. ಗೆಲಿಲಿಯೊ ಬಳಸಿದ ದುರ್ಬೀನು ಸುಮಾರು 20 ಪಟ್ಟಿನದು. ಅದರೊಳಗೆ ಇಡೀ ಚಂದ್ರ ಒಂದೇ ಸಲಕ್ಕೆ ಹಿಡಿಸುತ್ತಿರಲಿಲ್ಲ. ಅಷ್ಟರಲ್ಲೇ ಅವನು 1610ರಲ್ಲಿ ಕೃತ್ತಿಕೆಯ ಆರು ನಕ್ಷತ್ರಗಳ ಜಾಗದಲ್ಲಿ ಮೂವತ್ತಾರನ್ನು ಎಣಿಸಿ ಚಿತ್ರ ಬರೆದ. ಇವತ್ತು ಒಂದು ಸಾಧಾರಣ ರೇಷ್ಮೆ ಸೀರೆಗೆ ಕೊಡುವ ದುಡ್ಡಿನಲ್ಲಿ ಬರುವ 10×50, ಕೃತ್ತಿಕೆಯ ಮಟ್ಟಿಗೆ ಅವನ ದುರ್ಬೀನಿಗಿಂತ ಎಷ್ಟೋ ಮೇಲು.

‘ಹಾಗಾದರೆ ಹೈ ಪವರಿಗೆ ಕೆಲಸವೇ ಇಲ್ಲವೇ?’ ಎಂದು ಕೇಳುವವರಿಗೆ ಉತ್ತರ: ಇದೆ. ಶನಿಯ ಬಳೆ ನೋಡಬೇಕೆಂದರೆ ಇಪ್ಪತ್ತೈದು ಮೂವತ್ತು ಪಟ್ಟಾದರೂ ಬೇಕು, ಸ್ಟ್ಯಾಂಡಿನ ಮೇಲೆ ಕೂರಿಸಿದ ದುರ್ಬೀನೇ ಬೇಕು. ಅದನ್ನು ಅಂಗೈಯಗಲದ ಆಟದ ಸಾಮಾನಿನಿಂದ ಮಾಡಿಸುತ್ತೇನೆ ಎನ್ನುವವರ ಮೇಲೆ ನನ್ನ ಸಿಟ್ಟು. ‘ಈಗಿನ ಮೊಬೈಲುಗಳಲ್ಲೇ ನೂರು ಪಟ್ಟು ಝೂಮ್ ಇದೆಯಲ್ಲ’ ಎನ್ನುವವರೂ ಇದ್ದಾರೆ. ಮೊಬೈಲಿನ ಮುಂದಿನ ಗಾಜು ಒಂದು ಕಡಲೆಕಾಳಿನಷ್ಟು. ಅದು ಹಿಡಿಯುವ ಬೆಳಕು ಅಷ್ಟೇ. ಉಳಿದದ್ದನ್ನು ಅದು ಲೆಕ್ಕ ಹಾಕಿ ತುಂಬುತ್ತದೆ. 50 ಮಿಲಿಮೀಟರಿನ ಗಾಜು ನಮ್ಮ 7 ಮಿಲಿಮೀಟರಿನ ಪಾಪೆಗಿಂತ ಐವತ್ತು ಪಟ್ಟು ಹೆಚ್ಚು ಬೆಳಕನ್ನು ನಿಜವಾಗಿಯೇ ಹಿಡಿದು ತರುತ್ತದೆ.

ಪ್ರಕೃತಿಯ ನೋಟಕ್ಕೂ ಇದೇ ಮಾತು. ಮಧ್ಯಾಹ್ನದ ಬಿಸಿಲಿಗೆ ದೂರದ ಬೆಟ್ಟದ ಮುಂದಿನ ಗಾಳಿ ಕಾದ ಕಾವಲಿಯ ಮೇಲಿನ ಗಾಳಿಯಂತೆ ಕುಣಿಯುತ್ತಿರುತ್ತದೆ. ಪವರ್ ಏರಿಸಿದರೆ ಹತ್ತಿರ ಬರುವುದು ಆ ಕುಣಿತವೇ. ಜೋಗದಲ್ಲಿ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕನ್ನೂ ಒಟ್ಟಿಗೆ ನೋಡಿ, ಮತ್ತೆ 253 ಮೀಟರಿನ ಆ ಬಂಡೆಯ ಬಿರುಕುಗಳಲ್ಲಿ ಹಕ್ಕಿಗಳು ಗೂಡಿಗೆ ನುಗ್ಗುವುದನ್ನು ಹಿಂಬಾಲಿಸಲು 8×42 ಹೇಳಿ ಮಾಡಿಸಿದ್ದು. ಬೆಟ್ಟ ಹತ್ತುವಾಗ ಅದು ಹಗುರ, ಬೆಳಗಿನ ಮಂಜಿನಲ್ಲೂ ಮಂಕಾಗದು. ಹೆಚ್ಚು ತಿರುಗಾಟ, ಸ್ವಲ್ಪ ಆಕಾಶ ಎನ್ನುವವರಿಗೆ 8×42. ಹೆಚ್ಚು ಆಕಾಶ, ಸ್ವಲ್ಪ ತಿರುಗಾಟ ಎನ್ನುವವರಿಗೆ 10×50. ಇದಕ್ಕಿಂತ ದೊಡ್ಡ ಶಾಸ್ತ್ರ ಬೇಡ.

ಅಂಗಡಿಯಲ್ಲಿ ಹೀಗೆ ನೋಡಿ. ಬೈನಾಕ್ಯುಲರನ್ನು ಕೈ ಚಾಚಿ ಹಿಡಿದು, ಬೆಳಕಿನ ಕಿಟಕಿಯ ಕಡೆ ತಿರುಗಿಸಿ, ಹಿಂದಿನ ಗಾಜಿನಲ್ಲಿ ಕಾಣುವ ಬೆಳಕಿನ ಚುಕ್ಕಿಗಳನ್ನು ಗಮನಿಸಿ. ಅವು ಪೂರ್ತಿ ದುಂಡಗಿದ್ದರೆ ಒಳಗಿನ ಪಟ್ಟಕದ ಗಾಜು ಒಳ್ಳೆಯದು. ಅಂಚು ಕತ್ತರಿಸಿದಂತೆ ಚೌಕಾಕಾರಕ್ಕೆ ತಿರುಗಿದ್ದರೆ ಅಗ್ಗದ್ದು. ಮುಂದಿನ ಗಾಜಿನಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬ ನೋಡಿ. ಮಂದವಾದ ಹಸಿರು ಅಥವಾ ನೇರಳೆ ಬಣ್ಣದಲ್ಲಿದ್ದರೆ ಲೇಪ ಸರಿಯಾಗಿದೆ. ಬೆಳ್ಳಗೆ ಇದ್ದರೆ ಲೇಪವಿಲ್ಲ. ಲೇಪವಿಲ್ಲದ ಗಾಜಿನ ಒಂದೊಂದು ಮೈಯೂ ಬೆಳಕಿನ ನೂರರಲ್ಲಿ ನಾಲ್ಕೈದು ಪಾಲನ್ನು ಹಿಂದಕ್ಕೆ ತಳ್ಳುತ್ತದೆ. ಮಾಣಿಕ್ಯದಂತೆ ಕೆಂಪಗೆ ಹೊಳೆದರೆ ಕೆಳಗಿಡಿ. ಆ ಕೆಂಪು ನಮ್ಮ ಕಣ್ಣಿಗೆ ಬರಬೇಕಾಗಿದ್ದ ಬೆಳಕು, ನೈಟ್ ವಿಷನ್ನಿಗೂ ಅದಕ್ಕೂ ಯಾವ ನಂಟೂ ಇಲ್ಲ. ಎರಡೂ ಕಣ್ಣಿನಿಂದ ಎದುರಿನ ಬೋರ್ಡು ನೋಡಿ. ಚಿತ್ರ ಎರಡೆರಡಾಗಿ, ಹುಬ್ಬುಗಳ ನಡುವೆ ಎಳೆದಂತಾದರೆ ಕೊಳವೆಗಳು ಸಮಾನಾಂತರವಾಗಿಲ್ಲ. ಕನ್ನಡಕದವರು ಕನ್ನಡಕ ಹಾಕಿಕೊಂಡೇ ನೋಡಿ, ಪೂರ್ತಿ ವರ್ತುಲ ಕಾಣಬೇಕು. ಸಣ್ಣ ಮುಖದವರು ಕೊಳವೆಗಳು ಸಾಕಷ್ಟು ಹತ್ತಿರ ಬರುತ್ತವೆಯೇ ನೋಡಿಕೊಳ್ಳಿ. ‘10ರಿಂದ 100ರವರೆಗೆ ಝೂಮ್’ ಎಂದು ಬರೆದದ್ದಿದ್ದರೆ ಮುಟ್ಟಲೇಬೇಡಿ. ಇಷ್ಟಕ್ಕೆಲ್ಲ ಅಂಗಡಿಯವರ ಮುಖ ಸಿಂಡರಿಸಿದರೆ ಸಿಂಡರಿಸಲಿ. ಸೀರೆ ಅಂಗಡಿಯಲ್ಲಿ ನೂರು ಸೀರೆ ಬಿಚ್ಚಿಸಿ ಬರಿಗೈಯಲ್ಲಿ ಎದ್ದು ಬರುವ ಧೈರ್ಯ ನಮಗಿದೆಯಲ್ಲ!

ಮನೆಗೆ ತಂದ ಮೇಲೆ ಎರಡು ಮಾತು. ಗಾಜನ್ನು ಸೆರಗಿನಿಂದ ಒರೆಸಬೇಡಿ. ಮೊದಲು ಮೆತ್ತನೆಯ ಕುಂಚದಿಂದ ಧೂಳು ಹಾರಿಸಿ, ಆಮೇಲೆ ಕನ್ನಡಕದ ಬಟ್ಟೆ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಅದನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಇಲ್ಲವಾದರೆ ಉಪ್ಪಿನಕಾಯಿಗೆ ಬಂದಂತೆ ಗಾಜಿಗೂ ಬೂಷ್ಟು ಬರುತ್ತದೆ.

ಇನ್ನೊಂದನ್ನು ದೊಡ್ಡ ದನಿಯಲ್ಲಿ ಹೇಳಬೇಕು. ಬೈನಾಕ್ಯುಲರಿನಿಂದ ಸೂರ್ಯನನ್ನು ಯಾವತ್ತೂ ನೋಡಕೂಡದು. ಆಗುಂಬೆಯ ಸೂರ್ಯಾಸ್ತಕ್ಕೂ ಇದು ಅನ್ವಯಿಸುತ್ತದೆ. ಒಂದು ಕ್ಷಣ ಸಾಕು, ಕಣ್ಣಿನ ಒಳಪರದೆ ಸುಟ್ಟುಹೋಗಲು. ಅಲ್ಲಿ ನೋವಿನ ನರಗಳಿಲ್ಲ, ಸುಡುವುದು ಗೊತ್ತೂ ಆಗುವುದಿಲ್ಲ. ಸೂರ್ಯ ಮುಳುಗಿದ ಮೇಲಿನ ಮೋಡಗಳನ್ನು ನೋಡಿ, ಕಣಿವೆಯನ್ನು ನೋಡಿ. ಮಕ್ಕಳ ಕೈಗೆ ಹಗಲಲ್ಲಿ ಕೊಟ್ಟರೆ ಪಕ್ಕದಲ್ಲೇ ನಿಲ್ಲಿ.

ಈಗ ಮೊದಲನೆಯ ವಾದಕ್ಕೆ ಬರುತ್ತೇನೆ. ‘ಹೆಂಗಸರಿಗೆ ಅದೆಲ್ಲ ಯಾಕೆ?’ ಎಂಬ ಪ್ರಶ್ನೆಗೆ ಎರಡು ಶತಮಾನಗಳ ಹಿಂದೆಯೇ ಉತ್ತರ ಬಂದಾಗಿದೆ. ಇಂಗ್ಲೆಂಡಿನಲ್ಲಿ ನೆಲೆಸಿದ್ದ ಕ್ಯಾರೊಲಿನ್ ಹರ್ಷೆಲ್, ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷೆಲನ ತಂಗಿ. ಅಣ್ಣ ಕನ್ನಡಿ ಉಜ್ಜುತ್ತ ಕೈಬಿಡಲಾಗದೆ ಕೂತಿದ್ದಾಗ ತುತ್ತು ಮಾಡಿ ಅವನ ಬಾಯಿಗಿಟ್ಟವಳು. 1786ರಲ್ಲಿ ಅಣ್ಣ ಜರ್ಮನಿಗೆ ಹೋಗಿದ್ದಾಗ, ಮನೆಯಲ್ಲಿ ಒಬ್ಬಳೇ ಇದ್ದ ಆಕೆ ತನ್ನ ಪುಟ್ಟ ದುರ್ಬೀನಿನಲ್ಲಿ ಮೊದಲ ಧೂಮಕೇತು ಕಂಡಳು. ಅಣ್ಣ ಊರಲ್ಲಿಲ್ಲದಾಗಲೇ ಅದು ಸಿಕ್ಕಿದ್ದು ನನಗೇನೂ ಆಶ್ಚರ್ಯವಲ್ಲ, ನಿಮಗೂ ಆಗಿರಲಾರದು. 1797ರೊಳಗೆ ಒಟ್ಟು ಎಂಟು ಧೂಮಕೇತು ಹುಡುಕಿದಳು. ಮುಖ್ಯ ಸಂಗತಿ ಇದು: ಆಕೆ ಆಕಾಶ ಗುಡಿಸಲು ಬಳಸಿದ್ದು ಕಡಿಮೆ ಪವರಿನ, ಅಗಲ ನೋಟದ ದುರ್ಬೀನು. 1787ರಿಂದ ಅರಸನ ಬೊಕ್ಕಸದಿಂದ ವರ್ಷಕ್ಕೆ 50 ಪೌಂಡ್ ಸಂಬಳ, 1828ರಲ್ಲಿ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿಯ ಚಿನ್ನದ ಪದಕ ಆಕೆಗೆ ಬಂದವು. ‘ಅದೆಲ್ಲ ಹಳೆಯ ಕಾಲ’ ಎಂದರೆ, 1983ರಲ್ಲಿ ಜಾರ್ಜ್ ಆಲ್ಕಾಕ್ ಎಂಬ ಇಂಗ್ಲಿಷ್ ಮೇಷ್ಟ್ರು ಮನೆಯೊಳಗಿನಿಂದಲೇ, ಮುಚ್ಚಿದ ಕಿಟಕಿಯ ಗಾಜಿನ ಮೂಲಕ ಬೈನಾಕ್ಯುಲರಿನಲ್ಲಿ ನೋಡಿ ಒಂದು ಧೂಮಕೇತು ಹಿಡಿದರು. ಅಡಿಗೆಮನೆಯ ಕಿಟಕಿ ನಮಗೂ ಇದೆ.

ನಮಗೆ ಆಕಾಶ ಹೊಸದೂ ಅಲ್ಲ. ಇಪ್ಪತ್ತೇಳು ನಕ್ಷತ್ರಗಳ ಹೆಸರು ಬಾಯಿಗೆ ಬರುತ್ತದೆ. ರೋಹಿಣಿ ಮಳೆ, ಆರಿದ್ರಾ ಮಳೆ ಎಂದು ಲೆಕ್ಕ ಹಾಕಿ ಸಂಡಿಗೆ ಇಡುತ್ತೇವೆ. ಆದರೆ ಆ ನಕ್ಷತ್ರಗಳನ್ನು ನಾವು ಕಂಡದ್ದು ಪಂಚಾಂಗದ ಪುಟದಲ್ಲಿ ಮಾತ್ರ. ಅದರ ಪರಿಣಾಮ ಬರಿ ಅಜ್ಞಾನಕ್ಕೆ ನಿಲ್ಲುವುದಿಲ್ಲ. ‘ಮೂಲಾ ನಕ್ಷತ್ರದ ಹುಡುಗಿ, ಮಾವನಿಗಾಗುವುದಿಲ್ಲ’ ಎಂದು ಜಾತಕ ವಾಪಸು ಕಳಿಸಿದ್ದನ್ನು ನಾನು ನಮ್ಮ ಬೀದಿಯಲ್ಲೇ ಕಂಡಿದ್ದೇನೆ. ಕಾಫಿ ಲೋಟ ತೊಳೆಯುತ್ತ ಆ ಹುಡುಗಿ ಕಣ್ಣೀರು ಹಾಕಿದ್ದೂ ಗೊತ್ತು. ಮೂಲಾ ಎಲ್ಲಿದೆ, ಹೇಗಿದೆ ಎಂದು ಜಾತಕ ಕಳಿಸಿದವರೂ ನೋಡಿರಲಿಲ್ಲ, ಅತ್ತವಳೂ ನೋಡಿರಲಿಲ್ಲ.

ನೋಡಿ ಬನ್ನಿ. ಮೇ ತಿಂಗಳ ರಾತ್ರಿ ಹನ್ನೊಂದರ ಹೊತ್ತಿಗೆ ಆಗ್ನೇಯದಲ್ಲಿ ವೃಶ್ಚಿಕ ಎದ್ದಿರುತ್ತದೆ. ಅದರ ಬಾಲದ ಕೊಂಡಿಯೇ ಮೂಲಾ. ಅಲ್ಲಿಂದ ಬೈನಾಕ್ಯುಲರನ್ನು ಕೊಂಚ ಪೂರ್ವಕ್ಕೆ ಸರಿಸಿದರೆ, ಬೊಗಸೆ ಮಲ್ಲಿಗೆ ಚೆಲ್ಲಿದಂತೆ ಒಂದು ನಕ್ಷತ್ರ ಗುಚ್ಛ, ಅದರ ಪಕ್ಕದಲ್ಲಿ ಚಿಟ್ಟೆಯಾಕಾರದ ಇನ್ನೊಂದು. ಮೊದಲನೆಯದು ಸುಮಾರು 1,000 ಜ್ಯೋತಿರ್ವರ್ಷ ದೂರ. ಅಲ್ಲಿಂದ ಹೊರಟ ಬೆಳಕು ಇಲ್ಲಿ ಮುಟ್ಟಲೇ ಸಾವಿರ ವರ್ಷ ಬೇಕು; ಅದು ಇಲ್ಲಿಯ ಯಾವ ಮಾವನವರ ಆಯುಸ್ಸು ಅಳೆಯಲು ಕೂತಿದೆ? ಆ ಹುಡುಗಿಯನ್ನು ಮಹಡಿಗೆ ಕರೆದು ಇದನ್ನು ತೋರಿಸಿದ್ದೇನೆ. ‘ಇಷ್ಟು ಚೆಂದ ಇದೆಯಾ ಆಂಟಿ ನನ್ನ ನಕ್ಷತ್ರ!’ ಎಂದಳು. ನೂರು ಪರಿಹಾರ ಪೂಜೆಗಿಂತ ಆ ಒಂದು ಮಾತು ಮೇಲು ಎಂದು ನನ್ನ ನಂಬಿಕೆ.

ಆದರೆ ಮಹಡಿಗೆ ಹೋಗುವುದೇ ಕಷ್ಟ ಎನ್ನುತ್ತೀರಿ. ಹಗಲೆಲ್ಲ ಹಪ್ಪಳ, ಬಟ್ಟೆ, ಮೆಣಸಿನಕಾಯಿ ಒಣಗಿಸಲು ಹತ್ತು ಸಲ ಹತ್ತಿಳಿದರೂ ಯಾರೂ ಕೇಳುವುದಿಲ್ಲ. ರಾತ್ರಿ ಒಂಬತ್ತಕ್ಕೆ ಹತ್ತಿದರೆ ‘ಈ ಹೊತ್ತಿನಲ್ಲಿ ಅಲ್ಲೇನು ಕೆಲಸ?’ ಎಂಬ ಪ್ರಶ್ನೆ ಮೆಟ್ಟಿಲು ಹತ್ತಿ ಹಿಂದೆಯೇ ಬರುತ್ತದೆ. ಕೈಯಲ್ಲಿ ಬೈನಾಕ್ಯುಲರ್ ಇದ್ದರಂತೂ ಪಕ್ಕದ ಮನೆಯ ಕಿಟಕಿಗಳು ಧಡಧಡನೆ ಮುಚ್ಚಿಕೊಳ್ಳುತ್ತವೆ. ಗಂಡಸಿನ ಕೈಯಲ್ಲಿದ್ದರೆ ಹವ್ಯಾಸ, ಹೆಂಗಸಿನ ಕೈಯಲ್ಲಿದ್ದರೆ ಕುತೂಹಲವಂತೆ! ಇದಕ್ಕೆ ನಾನು ಕಂಡುಕೊಂಡ ಮದ್ದು ಸುಲಭ. ಪಕ್ಕದ ಮನೆಯಾಕೆಯನ್ನೂ ಮೇಲಕ್ಕೆ ಕರೆಯಿರಿ. ಹಳೆಯ ಚಾಪೆ ಹಾಸಿ, ದಿಂಬಿಟ್ಟು ಅಂಗಾತ ಮಲಗಿ. ಮೊಣಕೈ ನೆಲಕ್ಕೆ ಊರಿದರೆ ಕೈ ನಡುಗುವುದೂ ತಪ್ಪುತ್ತದೆ.

ಬೀದಿದೀಪವನ್ನು ನೀರಿನ ಟ್ಯಾಂಕಿಗೆ ಮರೆಮಾಡಿಕೊಂಡು ಹದಿನೈದು ನಿಮಿಷ ಕಣ್ಣನ್ನು ಕತ್ತಲಿಗೆ ಒಗ್ಗಿಸಿ. ಮೊಬೈಲು ಕೆಳಗೇ ಇರಲಿ. ಪಾಡ್ಯದಿಂದ ಅಷ್ಟಮಿಯವರೆಗಿನ ಚಂದ್ರನಿಂದ ಶುರುಮಾಡಿ. ಬೆಳಕು ನೆರಳು ಸೇರುವ ಗೆರೆಯಲ್ಲಿ ಕುಳಿಗಳು ಎದ್ದು ಕಾಣುತ್ತವೆ. ಹುಣ್ಣಿಮೆಯ ದಿನ ಎಲ್ಲ ಚಪ್ಪಟೆ. ಗುರುಗ್ರಹ ಸಿಕ್ಕರೆ ಮೊಣಕೈಯನ್ನು ಗೋಡೆಗೆ ಊರಿ ನೋಡಿ, ಪಕ್ಕದಲ್ಲಿ ಸಾಲಾಗಿ ನಾಲ್ಕು ಉಪಗ್ರಹಗಳವರೆಗೆ ಎಣಿಸಬಹುದು. ನಾಳೆ ಅವುಗಳ ಜಾಗ ಬದಲಾಗಿರುತ್ತದೆ. ಕಾರ್ತಿಕದಲ್ಲಿ ತುಳಸಿಗೆ ದೀಪವಿಟ್ಟ ಮೇಲೆ ಪೂರ್ವಕ್ಕೆ ತಿರುಗಿ. ಆ ತಿಂಗಳಿಗೆ ಹೆಸರು ಕೊಟ್ಟ ಕೃತ್ತಿಕೆ ಏರುತ್ತಿರುತ್ತದೆ. ಅಮಾವಾಸ್ಯೆಯ ಸುಮಾರಿಗೆ ತವರಿನ ಹಳ್ಳಿಗೆ ಹೋಗುವುದಿದ್ದರೆ ಬೈನಾಕ್ಯುಲರ್ ಚೀಲದಲ್ಲಿರಲಿ. ಪೇಟೆಯ ಬೆಳಕಿನಲ್ಲಿ ಅಳಿಸಿಹೋದ ಆಕಾಶಗಂಗೆ ಅಲ್ಲಿ ಇನ್ನೂ ಹರಿಯುತ್ತಿರುತ್ತದೆ.

ನೋಡಿದವರು ಮುಂದಿನವರಿಗೆ ಕೊಡುವಾಗ ‘ನಿಮ್ಮ ಕಣ್ಣಿಗೆ ಹೊಂದಿಸಿಕೊಳ್ಳಿ’ ಎಂದು ಹೇಳಿ ಕೊಡಿ. ಕಾಣದಿದ್ದರೆ ‘ಕಾಣಲಿಲ್ಲ’ ಎನ್ನಿ, ಚಕ್ರವನ್ನು ಮತ್ತೆ ನಿಧಾನವಾಗಿ ತಿರುಗಿಸಿ. ಅವಸರ ಬೇಡ. ಕೆಳಗೆ ಹಾಲು ಉಕ್ಕಿದರೆ ಒಲೆ ಆರಿಸಲು ಮನೆಯಲ್ಲಿ ಬೇರೆಯವರೂ ಇದ್ದಾರೆ.